ಹೊನ್ನಾಜಿ ಸತ್ತದ್ದು ಹನ್ನೊಂದು ಸಲ

ಅಕ್ಕ ಸಾಯುವುದನ್ನು ನಾನು ಹನ್ನೊಂದು ಸಲ ಕಣ್ಣಾರೆ ನೋಡಿದ್ದೇನೆ. ಬಲು ಚೆನ್ನಾಗಿ ಸತ್ತದ್ದು ಕಣಕಟ್ಟೆಯಲ್ಲಿ. ತೀರಾ ಕೆಟ್ಟದಾಗಿ ಸತ್ತದ್ದು ಜಾವಗಲ್ಲಿನಲ್ಲಿ. ಅಲ್ಲಿ ವಿಷದ ಬಟ್ಟಲಿಗೆ ಬೆಲ್ಲದ ನೀರು ಹಾಕುವ ಬದಲು ಯಾರೋ ಪುಣ್ಯಾತ್ಮರು ಗೋಲಿ ಸೋಡಾ ಸುರಿದಿದ್ದರು. ಅಕ್ಕ ಕುಡಿದಳು, ತೂರಾಡಿದಳು, ಬಿದ್ದಳು, ಪ್ರಾಣ ಬಿಟ್ಟಳು. ರಾಜ ಓಡಿ ಬಂದು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗೋಳಾಡತೊಡಗಿದ್ದೇ ತಡ, ಸತ್ತ ರಾಣಿಯ ಹೊಟ್ಟೆಯಿಂದ ಕೊನೆಯ ಸಾಲಿಗೂ ಕೇಳುವಂಥ ತೇಗು ಬಂತು. ರಾಜನ ಪಾತ್ರ ಮಾಡಿದ್ದವರು ಪೇಟೆಯ ಎಣ್ಣೆ ಅಂಗಡಿಯವರು. ಅವರಿಗೆ ಏನೂ ತೋಚದೆ, "ರಾಣೀ! ನಿನ್ನಲ್ಲಿನ್ನೂ ಜೀವವಿದೆಯೇ!" ಎಂದುಬಿಟ್ಟರು. ಅಷ್ಟಾದ ಮೇಲೆ ಸುಮ್ಮನೆ ಮಲಗಿರುವುದು ಹೇಗೆ? ಅಕ್ಕ ಎದ್ದು ಕೂತು, ಗಂಡನ ಕ್ಷೇಮಸಮಾಚಾರದ ಎರಡು ಮಾತಾಡಿ, ಮತ್ತೊಂದು ಸಲ ಸತ್ತಳು. ಹನ್ನೊಂದರಲ್ಲಿ ಆ ರಾತ್ರಿಯ ಎರಡು ಸಾವೂ ಸೇರಿವೆ.

ಹೋದ ವಾರ ಅರಸೀಕೆರೆಯಿಂದ ಬಂದಿದ್ದ ಹಳೆಯ ಸಹೋದ್ಯೋಗಿಯೊಬ್ಬರು, ಅಕ್ಕ ಈಗ ನಾಟಕ ಬಿಟ್ಟುಬಿಟ್ಟಳಂತೆ ಎಂದರು. ಮಂಡಿನೋವು. "ಬೀಳಾಕೆ ಏನೂ ತೊಂದ್ರೆ ಇಲ್ಲ, ಪರದೆ ಬಿದ್ಮೇಲೆ ಏಳಾಕೇ ಆಗಲ್ಲ" ಅಂದಳಂತೆ. ಕೇಳಿ ನಕ್ಕೆ. ನಕ್ಕ ಮೇಲೆ ಈ ನಾಲ್ಕು ಮಾತು ಬರೆಯಬೇಕೆನ್ನಿಸಿತು.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಅರಸೀಕೆರೆಯ ಒಂದು ಪ್ರೌಢಶಾಲೆಗೆ ಡ್ರಾಯಿಂಗ್ ಟೀಚರಾಗಿ ಬಂದೆ. ಬಂದ ಮೊದಲ ವಾರವೇ ರವಿಕೆ ಹೊಲಿಸಲೆಂದು ನಾನಿದ್ದ ಬೀದಿಯ ದರ್ಜಿ ಅಂಗಡಿಗೆ ಹೋದೆ. ಒಂದು ಹೊಲಿಗೆ ಯಂತ್ರ, ಒಂದು ಬೆಂಚು, ಬೆಂಚಿನ ತುಂಬ ಹೆಂಗಸರು. ರವಿಕೆ ಹೊಲಿಸಲು ಬಂದವರು ಒಬ್ಬರೋ ಇಬ್ಬರೋ. ಮಿಕ್ಕವರೆಲ್ಲ ಅಕ್ಕನ ಮಾತು ಕೇಳಲು ಬಂದವರು. ಕೊರಳಲ್ಲಿ ಅಳತೆ ಟೇಪು ಇಳಿಬಿಟ್ಟುಕೊಂಡ ನಲವತ್ತೈದರ ಆಸುಪಾಸಿನ ದುಂಡನೆಯ ಹೆಂಗಸು ನನ್ನ ತೋಳು ಅಳೆಯುತ್ತ, "ಏನ್ ಟೀಚರಮ್ಮ, ತೋಳು ಹಿಂಗೈತೆ? ಬರೀ ಸೀಮೆಸುಣ್ಣ ತಿಂತೀರಾ?" ಎಂದು ಕೇಳಿ ತಾನೇ ಮೊದಲು ನಕ್ಕಳು. ಆ ನಗು ಒಂದೇ ಸಲಕ್ಕೆ ಬರುತ್ತಿರಲಿಲ್ಲ. ಮೊದಲು ಹೆಗಲು ನಗುತ್ತಿತ್ತು, ಆಮೇಲೆ ಹೊಟ್ಟೆ, ಕೊನೆಗೆ ಬಾಯಿ. ಬೀದಿಯವರಿಗೆಲ್ಲ ಅವಳು ಅಕ್ಕ. ನನಗೂ ಅಕ್ಕನಾದಳು.

ಈ ಹೆಂಗಸೇ ಸುತ್ತಲ ಊರುಗಳಲ್ಲೆಲ್ಲ ಜನರನ್ನು ಅಳಿಸುವ ರಾಣಿ ಹೊನ್ನಾಜಿ ಎಂದು ತಿಳಿದಾಗ ನಾನು ನಂಬಲೇ ಇಲ್ಲ. ಹೊನ್ನಾಜಿಯದು ಆ ಕಡೆಯ ಹಳೆಯ ಮೇಷ್ಟ್ರೊಬ್ಬರು ಬರೆದ ನಾಟಕ. ಪಾಳೆಯಗಾರ ಯುದ್ಧಕ್ಕೆ ಹೋದಾಗ ಅವನ ತಾಯಿ ಸೊಸೆಯ ಮೇಲೆ ಸಲ್ಲದ ಅಪವಾದ ಹೊರಿಸಿ ಕೋಟೆಯಿಂದ ಹೊರಗೆ ಹಾಕುತ್ತಾಳೆ. ಹೊನ್ನಾಜಿ ಮುಚ್ಚಿದ ಬಾಗಿಲ ಮುಂದೆ ನಿಂತು ಹಾಡಿ, ವಿಷ ಕುಡಿದು ಸಾಯುತ್ತಾಳೆ. ಸತ್ಯ ತಿಳಿದ ಗಂಡ ಒಂದು ನಿಮಿಷ ತಡವಾಗಿ ಓಡಿ ಬರುತ್ತಾನೆ. "ಗಂಡಸ್ರು ಯಾವತ್ ಟೈಮಿಗೆ ಸರ್ಯಾಗಿ ಬಂದವ್ರೆ, ಹೇಳಿ" ಎನ್ನುವುದು ನಾಟಕದ ಬಗ್ಗೆ ಅಕ್ಕನ ಒಟ್ಟು ವಿಮರ್ಶೆ.

ಅವಳು ರಂಗಕ್ಕೆ ಬಂದ ಕಥೆಯೂ ಅವಳ ಬಾಯಲ್ಲೇ ಕೇಳಬೇಕು. ಅವಳ ಗಂಡ ದರ್ಜಿ. ಮದುವೆಯಾದ ಕೆಲವೇ ವರ್ಷಕ್ಕೆ ಜ್ವರ ಬಂದು ತೀರಿಕೊಂಡ. ಮಕ್ಕಳಿಲ್ಲ. ಉಳಿದದ್ದು ಹೊಲಿಗೆ ಯಂತ್ರ ಮತ್ತು ಅತ್ತೆ. ಒಂದು ಸಲ ರಾಣಿಯ ರವಿಕೆ ಹೊಲಿದು ಕೊಡಲು ನಾಟಕದವರ ಬಳಿ ಹೋದರೆ, ತುಮಕೂರಿನಿಂದ ಬರಬೇಕಿದ್ದ ನಟಿ ಬಂದಿಲ್ಲ. ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾರೆ. ತಾಲೀಮು ನಡೆಯುತ್ತಿದ್ದುದು ಅಂಗಡಿಯ ಪಕ್ಕದ ಕೋಣೆಯಲ್ಲೇ. ಯಂತ್ರ ತುಳಿಯುತ್ತ ತುಳಿಯುತ್ತ ಅಕ್ಕನಿಗೆ ಇಡೀ ನಾಟಕ ಬಾಯಿಪಾಠವಾಗಿತ್ತು. "ನಾನು ಮಾಡ್ಲಾ?" ಎಂದಳು. ತಾನು ಹೊಲಿದ ರವಿಕೆ ತಾನೇ ತೊಟ್ಟಳು. ಅತ್ತೆಯ ಅಪ್ಪಣೆ ಕೇಳಲು ಮನೆಗೆ ಓಡಿದಾಗ ಆ ಮುದುಕಿ ಹೇಳಿದ್ದು: "ಹೋಗು ಮಗ. ಇಲ್ಲಿ ಕೂತ್ರೆ ಮುಂಡೆ ಅಂತಾರೆ. ಅಲ್ಲಿ ನಿಂತ್ರೆ ರಾಣಿ ಅಂತಾರೆ."

ಈ ಅತ್ತೆಮ್ಮನ ಬಗ್ಗೆ ಹೇಳದೆ ಅಕ್ಕನ ಚಿತ್ರ ಮುಗಿಯುವುದಿಲ್ಲ. ಕಿವಿ ಸ್ವಲ್ಪ ಮಂದ, ನಾಲಗೆ ಬಲು ಚುರುಕು. ಸೊಸೆಯ ನಾಟಕ ಹತ್ತಿರದ ಊರಲ್ಲಿದ್ದರೆ ಮುಂದಿನ ಸಾಲಿನಲ್ಲಿ ಅವರ ಹಾಜರಿ ಖಾಯಂ. ರಂಗದ ಮೇಲಿನ ಅತ್ತೆ ಹೊನ್ನಾಜಿಯನ್ನು ಬೈಯಲು ಶುರು ಮಾಡಿದರೆ ಕೆಳಗಿನಿಂದ ಇವರು ಶುರು: "ಥೂ ನಿನ್ ಬಾಯಿಗೆ ಮಣ್ಣ್ ಹಾಕ! ಅಂಥಾ ಸೊಸೆ ನಿಂಗ್ ಸಿಕ್ಕಿದ್ದೇ ಹೆಚ್ಚು!" ಅತ್ತೆಯ ಪಾತ್ರದವಳು ಒಂದು ಸಲ ಮಾತು ಮರೆತು ಇವರಿಗೇ ಉತ್ತರ ಕೊಟ್ಟಳಂತೆ.

ಇನ್ನೊಬ್ಬರು ಹಾರ್ಮೋನಿಯಂ ಮೇಷ್ಟ್ರು. ಹಗಲು ರೈಲ್ವೆ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಕೆಲಸ, ಮಿಕ್ಕ ಹೊತ್ತು ನಾಟಕ ಕಲಿಸುವುದು. ತೆಳ್ಳನೆ ಆಳು, ಮದುವೆಯಾಗಿರಲಿಲ್ಲ, ಮಾತು ಕಡಿಮೆ. ಹೊನ್ನಾಜಿಯ ಸಾವಿನ ಹಾಡಿಗೆ ಮುಖಾರಿ ರಾಗ ಹಾಕಿದವರು ಅವರೇ. "ಬಾಗಿಲೇ, ನೀನಾದರೂ ತೆರೆಯಬಾರದೆ" ಎಂದು ಅಕ್ಕ ಎತ್ತಿಕೊಂಡರೆ ಹಾರ್ಮೋನಿಯಂ ಅವಳ ಹಿಂದೆ ಹಿಂದೆಯೇ, ಸೆರಗು ಹಿಡಿದ ಮಗುವಿನಂತೆ ಹೋಗುತ್ತಿತ್ತು. ಹದಿನೈದು ವರ್ಷ ಅವರು ಅವಳನ್ನು "ರಾಣಿಯವರೇ" ಎಂದೂ, ಅವಳು ಅವರನ್ನು "ಮೇಷ್ಟ್ರೇ" ಎಂದೂ ಕರೆಯುತ್ತಿದ್ದರು. ಅದಕ್ಕಿಂತ ಒಂದಕ್ಷರ ಆಚೆ ಹೋಗಿದ್ದು ಯಾರಿಗೂ ಗೊತ್ತಿಲ್ಲ.

ಊರಿನ ಕ್ಯಾಸೆಟ್ ಅಂಗಡಿಯವರೊಬ್ಬರು ಆ ಹಾಡನ್ನು ಕ್ಯಾಸೆಟ್ಟು ಮಾಡಿಸಿದ್ದರು. ಖಾಸಗಿ ಬಸ್ಸುಗಳಲ್ಲೆಲ್ಲ ಅದೇ. ಒಂದು ದಿನ ನಾನೂ ಅಕ್ಕನೂ ಬಾಣಾವರಕ್ಕೆ ಹೋಗುತ್ತಿದ್ದೆವು. ಡ್ರೈವರು ಕ್ಯಾಸೆಟ್ ಹಾಕಿದ. ಅರ್ಧ ಬಸ್ಸು ಮೂಗು ಒರೆಸತೊಡಗಿತು. ಅಕ್ಕನ ಪಕ್ಕದಲ್ಲಿದ್ದ ಹೆಂಗಸು ಕಣ್ಣೊರೆಸಿಕೊಂಡು, "ಪಾಪ, ಯಾವ ತಾಯಿನೋ, ಎಷ್ಟು ನೊಂದವಳೋ" ಎಂದಳು. ಅಕ್ಕ ತನ್ನ ಕರವಸ್ತ್ರ ಅವಳಿಗೆ ಕೊಟ್ಟು ಸಮಾಧಾನ ಮಾಡಿದಳು: "ನೊಂದಿಲ್ಲ ಕಣವ್ವ, ಅಳಬ್ಯಾಡ. ಎರಡು ಪ್ಲೇಟ್ ಬೋಂಡ ತಿಂದು ಹಾಡಿದ್ದು ಅದು. ಸರಿಯಾಗಿ ಕೇಳು, ಎರಡನೇ ಚರಣದಾಗೆ ಬಿಕ್ಕಳಿಕೆ ಐತೆ." ಆ ಹೆಂಗಸು ಇವಳಿಗೆ ಹೃದಯವೇ ಇಲ್ಲವೆಂದು ಎದ್ದು ಬೇರೆ ಸೀಟಿಗೆ ಹೋದಳು.

ನನ್ನ ಪಾಲಿಗೆ ಬಂದದ್ದು ಹೊನ್ನಾಜಿಯ ಚಿತ್ರ ಬರೆಯುವ ಕೆಲಸ. ಊರಿನ ಮಹಿಳಾ ಸಮಾಜದವರು ಹೆಂಗಸರಿಗಾಗಿಯೇ ಮಧ್ಯಾಹ್ನದ ಹೊತ್ತು ನಾಟಕ ಇಟ್ಟುಕೊಂಡಿದ್ದರು. ಸಮುದಾಯ ಭವನದ ಬಾಗಿಲಲ್ಲಿ ತೂಗುಹಾಕಲು ಬಟ್ಟೆಯ ಮೇಲೆ ದೊಡ್ಡದಾಗಿ ಹೊನ್ನಾಜಿಯ ಮುಖ ಬೇಕು, ನೋಡಿದವರ ಕರುಳು ಕಿವುಚಬೇಕು ಎಂದರು. ನಾನು ಉತ್ಸಾಹದಿಂದ ಒಪ್ಪಿಕೊಂಡೆ. ಭಾನುವಾರ ಮಧ್ಯಾಹ್ನ ಅಕ್ಕನ ಮನೆಯ ಜಗಲಿಯಲ್ಲಿ ಕೂತೆವು.

ಅಕ್ಕ ಹಣೆಯ ಮೇಲೆ ಕೈಯಿಟ್ಟು, ಕಣ್ಣು ಅರೆ ಮುಚ್ಚಿ, ತುಟಿ ನಡುಗಿಸಿದಳು. ಅದ್ಭುತ! ನಾನು ಪೆನ್ಸಿಲ್ ಎತ್ತುವಷ್ಟರಲ್ಲಿ ಹೆಗಲು ಕುಣಿಯತೊಡಗಿತು. ಆಮೇಲೆ ಹೊಟ್ಟೆ. "ತಡ್ಕಳ್ಳಿ ಟೀಚರಮ್ಮ, ಈಗ ಬತ್ತದೆ ದುಃಖ" ಎಂದು ಮತ್ತೆ ಕೈಯಿಟ್ಟಳು. ಎದುರಿಗೆ ಅವರೆಕಾಯಿ ಸುಲಿಯುತ್ತಿದ್ದ ಅತ್ತೆಮ್ಮ ತಾವೂ ಹಣೆಗೆ ಕೈಯಿಟ್ಟು ಕಣ್ಣು ಮೇಲೆ ಮಾಡಿದರು. ಆ ದಿನದ ಕಥೆ ಅಲ್ಲಿಗೆ ಮುಗಿಯಿತು. ಮೂರು ಭಾನುವಾರ ಮೂರು ಚಿತ್ರ ಬರೆದೆ. ಮೊದಲನೆಯದರಲ್ಲಿ ಅವಳಿಗೆ ಹಲ್ಲುನೋವು ಬಂದಂತಿತ್ತು. ಎರಡನೆಯದರಲ್ಲಿ ಸೀನು ಬರಲು ಕಾಯುತ್ತಿದ್ದಂತಿತ್ತು. ಮೂರನೆಯದನ್ನು ಅತ್ತೆಮ್ಮ ದೂರ ಹಿಡಿದು ನೋಡಿ, "ಯಾರಿಗೆ ಬೈತಾವ್ಳೆ?" ಎಂದರು.

"ದುಃಖ ಅನ್ನೋದು ಹಾಡಿನ ಜೊತೆ ಬತ್ತದೆ ಟೀಚರಮ್ಮ, ಸುಮ್ ಸುಮ್ನೆ ಕೂತ್ರೆ ಎಲ್ಲಿ ಬತ್ತದೆ?" ಎಂದಳು ಅಕ್ಕ. ಸರಿ, ನಾಲ್ಕನೆಯ ಭಾನುವಾರ ಮೇಷ್ಟ್ರನ್ನೂ ಹಾರ್ಮೋನಿಯಂ ಸಮೇತ ಕರೆಸಿದೆವು. ಮೇಷ್ಟ್ರು ಪೆಟ್ಟಿಗೆ ಬಿಚ್ಚಿದರು. ಬಿಚ್ಚಿ, ಬಾರಿಸದೆ, ಕರವಸ್ತ್ರದಿಂದ ಅದರ ಕರಿ ಬಿಳಿ ಮನೆಗಳನ್ನು ಒರೆಸುತ್ತ ಕೂತರು.

"ರಾಣಿಯವರೇ, ಈ ನಾಟಕ ನಂದು ಕೊನೇದು" ಎಂದರು. "ಈ ತಿಂಗಳಿಗೆ ರಿಟೈರ್ ಆಗ್ತಾ ಇದೀನಿ. ಕ್ವಾರ್ಟರ್ಸ್ ಬಿಡಬೇಕು. ಶಿವಮೊಗ್ಗದಲ್ಲಿ ತಮ್ಮ ಇದಾನೆ, ಅಲ್ಲಿಗೇ ಹೋಗೋದು ಅಂತ."

ಅಕ್ಕ, "ಓ, ಹೌದಾ? ಒಳ್ಳೇದಾಯ್ತು ಬಿಡಿ ಮೇಷ್ಟ್ರೇ" ಎಂದಳು.

ಅಷ್ಟೇ ಅಂದದ್ದು. ಹಣೆಯ ಮೇಲೆ ಕೈ ಹೋಗಲಿಲ್ಲ, ತುಟಿ ನಡುಗಲಿಲ್ಲ. ಕೊರಳಿನ ಅಳತೆ ಟೇಪನ್ನು ತೆಗೆದು ಬೆರಳಿಗೆ ಸುತ್ತತೊಡಗಿದಳು. ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. ನಾನು ಬರೆಯತೊಡಗಿದೆ. ಗಂಟೆಯೊಳಗೆ ಮುಖ ಮುಗಿದಿತ್ತು. ಇಂದಿಗೂ ಅಷ್ಟು ಚೆನ್ನಾಗಿ ನಾನು ಇನ್ನೊಂದು ಚಿತ್ರ ಬರೆದಿಲ್ಲ. ಕಿರೀಟವನ್ನೂ ಒಡವೆಯನ್ನೂ ಆಮೇಲೆ ಸೇರಿಸಿದೆ.

ಮೇಷ್ಟ್ರು ಹೋದ ಮೇಲೆ ಅತ್ತೆಮ್ಮ ಎದ್ದು ಬಂದು ಆ ಮುಖದ ಮುಂದೆ ನಿಂತರು. ತಮಾಷೆ ಮಾಡಲಿಲ್ಲ. ಅಕ್ಕ ಹಿತ್ತಲ ಬಾವಿಯಲ್ಲಿ ನೀರು ಸೇದುತ್ತಿದ್ದಳು. ಅತ್ತೆಮ್ಮ ನನ್ನ ಕಿವಿಯ ಬಳಿ ಬಂದು ಹೇಳಿದರು: "ಈ ಮುಖ ನಾನು ನೋಡಿವ್ನಿ. ನನ್ ಮಗ ಹೋದಾಗ ಹಿಂಗೇ ಕೂತಿದ್ಲು. ಅದು ಬಿಟ್ರೆ ಇವತ್ತೇ."

ನಾಟಕದ ದಿನ ಭವನ ಕಿಕ್ಕಿರಿದಿತ್ತು. ಬಾಗಿಲಲ್ಲಿ ನನ್ನ ಚಿತ್ರ ನೋಡಿಯೇ ಕೆಲವರು ಸೆರಗು ಒದ್ದೆ ಮಾಡಿಕೊಂಡು ಒಳಗೆ ಬಂದರು. ನಾನು ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಅತ್ತೆಮ್ಮ. ಆವತ್ತು ಅವರು ರಂಗದ ಅತ್ತೆಯನ್ನು ಒಂದು ಮಾತೂ ಬೈಯಲಿಲ್ಲ. ಮೈ ಹುಷಾರಿಲ್ಲವೇನೋ ಅಂದುಕೊಂಡೆ. ರಾಣಿಯನ್ನು ಹೊರಗೆ ಹಾಕಿದ್ದಾಯಿತು, ಕೋಟೆ ಬಾಗಿಲು ಮುಚ್ಚಿತು. "ಬಾಗಿಲೇ, ನೀನಾದರೂ..." ಅಕ್ಕನ ದನಿ, ಹಿಂದೆಯೇ ಮೇಷ್ಟ್ರ ಹಾರ್ಮೋನಿಯಂ. ಕೊನೆಯ ಚರಣ ಮುಗಿದು ಅಕ್ಕ ಬಟ್ಟಲನ್ನು ತುಟಿಗೆ ಒಯ್ಯುತ್ತಿದ್ದಳು. ಪಕ್ಕಕ್ಕೆ ತಿರುಗಿದೆ. ಅತ್ತೆಮ್ಮನ ಕುರ್ಚಿ ಖಾಲಿ.

ನೋಡಿದರೆ ಅವರು ರಂಗದ ಮೆಟ್ಟಿಲು ಹತ್ತುತ್ತಿದ್ದಾರೆ! ಇದೂ ನಾಟಕವೇ ಎಂದು ಸಭೆ ಸುಮ್ಮನಿತ್ತು. ಅತ್ತೆಮ್ಮ ನೆಟ್ಟಗೆ ಹೋಗಿ ಸೊಸೆಯ ಕೈಯಿಂದ ಬಟ್ಟಲು ಕಿತ್ತುಕೊಂಡು ಗಟಗಟ ಕುಡಿದರು.

"ಬೆಲ್ಲ ಜಾಸ್ತಿ ಆಗೈತೆ" ಎಂದರು.

"ಅತ್ತೆಮ್ಮ, ನಾಟ್ಕ ನಡೀತೈತೆ, ಕೆಳಗಿಳೀರಿ" ಎಂದು ಅಕ್ಕ ಹಲ್ಲು ಕಚ್ಚಿ ಪಿಸುಗುಟ್ಟಿದಳು. ಮಂದಕಿವಿಯವರಿಗೆ ಪಿಸುಮಾತೆಲ್ಲಿ ಕೇಳಬೇಕು?

"ಹದಿನೈದು ವರ್ಷದಿಂದ ಸಾಯ್ತಿದೀಯ. ಸಾಕು ಕಣವ್ವ." ಮುದುಕಿ ಹಾರ್ಮೋನಿಯಂ ಕಡೆ ತಿರುಗಿದರು. "ಮೇಷ್ಟ್ರೇ, ಶಿವಮೊಗ್ಗಕ್ಕೆ ಹೋಗಿ ಏನ್ ಮಾಡ್ತೀರಿ?"

ಮೇಷ್ಟ್ರು ಗರ ಬಡಿದವರಂತೆ, "ತಮ್ಮನ ಮನೇಲಿ... ಇರ್ತೀನಮ್ಮ" ಎಂದರು.

"ಇದ್ದು?"

ಮೇಷ್ಟ್ರು ಕರವಸ್ತ್ರ ತೆಗೆದು ಹಾರ್ಮೋನಿಯಂ ಮನೆಗಳನ್ನು ಒರೆಸತೊಡಗಿದರು.

"ನನ್ ಸೊಸೇನ ಮದ್ವೆ ಆಗ್ತೀರಾ? ನಿಮ್ಗೂ ಕೇಳಾಕೆ ಬಾಯಿಲ್ಲ, ಅವ್ಳಿಗೂ ಹೇಳಾಕೆ ಬಾಯಿಲ್ಲ. ನಂಗೆ ಒಬ್ಳಿಗೇ ಬಾಯಿರೋದು."

ಮೇಷ್ಟ್ರ ಎರಡೂ ಕೈ ಹಾರ್ಮೋನಿಯಂ ಮೇಲೆ ದೊಪ್ಪೆಂದು ಬಿದ್ದವು. ಹತ್ತು ಸ್ವರ ಒಟ್ಟಿಗೆ ಕಿರುಚಿದವು. ಅತ್ತೆಮ್ಮನ ಕೈಯಿಂದ ಬಟ್ಟಲು ಜಾರಿ ಠಣ್ಣೆಂದಿತು. ಬಟ್ಟಲು ಬಿದ್ದ ಸದ್ದೇ ರಾಜನಿಗೆ ರಂಗಕ್ಕೆ ಬರುವ ಗುರುತು. ಪರದೆಯ ಹಿಂದೆ ಏನೂ ತಿಳಿಯದೆ ನಿಂತಿದ್ದ ಎಣ್ಣೆ ಅಂಗಡಿಯವರು ಕತ್ತಿ ಹಿಡಿದು, "ರಾಣೀ! ಇದೋ ನಾನು ಬಂದೆ!" ಎಂದು ನುಗ್ಗಿದರು.

"ನಿನ್ ಯಾರಪ್ಪ ಕರ್ದ್ರು? ಹೋಗ್ ಅತ್ಲಾಗೆ" ಎಂದರು ಅತ್ತೆಮ್ಮ. ರಾಜ ಕತ್ತಿ ಒರೆಗೆ ಹಾಕಿ ಬಂದ ದಾರಿಗೇ ಹೋದರು.

ಸಭೆಯಲ್ಲಿ ಎದ್ದ ನಗುವಿಗೆ ಭವನದ ತಗಡು ಹಾರಿಹೋಗಬೇಕಿತ್ತು. ಹೆಂಗಸರು ಕುರ್ಚಿಯ ಮೇಲೆ ನಿಂತು, "ಹೂಂ ಅನ್ರೀ ಮೇಷ್ಟ್ರೇ!" ಎಂದು ಕೂಗುತ್ತಿದ್ದರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿ ಕೂತಿದ್ದಳು. ಹೆಗಲು ಕುಣಿಯುತ್ತಿತ್ತು. ನಗುತ್ತಿದ್ದಾಳೆ ಅಂದುಕೊಂಡೆ. ಸೆರಗು ತೆಗೆದಾಗ ನೋಡಿದರೆ ಕಣ್ಣೆಲ್ಲ ಕೆಂಪು. ಎದ್ದು ನಿಂತು, ಅತ್ತೆಯ ರಟ್ಟೆ ಹಿಡಿದು ಕೆಳಗಿಳಿಸಿ ನನ್ನ ಪಕ್ಕ ಕೂರಿಸಿದಳು. ವಾಪಸು ಹೋಗಿ, "ಇನ್ನೊಂದು ಬಟ್ಲು ತನ್ನಿ" ಎಂದಳು. ಮೇಷ್ಟ್ರತ್ತ ನೋಡದೆಯೇ, "ಕೊನೇ ಚರಣದಿಂದ" ಎಂದಳು. ಹಾಡಿದಳು, ಕುಡಿದಳು, ಸತ್ತಳು. ಒಬ್ಬರಾದರೂ ಅಳಬೇಕಲ್ಲ! ಹೊನ್ನಾಜಿ ಒದ್ದಾಡಿ ಪ್ರಾಣ ಬಿಡುತ್ತಿದ್ದರೆ ಇನ್ನೂರು ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು.

ಆಮೇಲೆ ಮೂರು ದಿನ ಅಕ್ಕ ಅತ್ತೆಮ್ಮನ ಜೊತೆ ಮಾತು ಬಿಟ್ಟಳು. ಅಷ್ಟು ವರ್ಷದಲ್ಲಿ ಅದೇ ಮೊದಲು. ಊಟ ಬಡಿಸುತ್ತಿದ್ದಳು, ಮಾತಿಲ್ಲ. ನನ್ನೊಡನೆ ಮಾತ್ರ, "ಹೇಳೋದಾದ್ರೆ ನಾನು ಹೇಳ್ಬೇಕಿತ್ತು. ಸಂತೆಗೆ ನಿಲ್ಸಿದಂಗೆ ನಿಲ್ಸಿಬಿಟ್ರಲ್ಲ ನನ್ನ" ಎಂದಳು. ಅದು ನಿಜವೇ ಆಗಿತ್ತು. ಬೀದಿಯಲ್ಲಿ ಬಗೆಬಗೆಯ ಮಾತು. ಈ ವಯಸ್ಸಿಗೆ ಬೇಕಿತ್ತೇ ಎಂದರು, ಅವರದೊಂದು ಜಾತಿ ಇವಳದೊಂದು ಜಾತಿ ಎಂದರು. ಅದಕ್ಕೆ ಅತ್ತೆಮ್ಮನ ಉತ್ತರ ಸಿದ್ಧವಿತ್ತು: "ಹದಿನೈದು ವರ್ಷ ಒಂದೇ ಶ್ರುತಿಯಾಗೆ ಹಾಡವ್ರೆ. ನೀವು ಒಂದೇ ಜಾತಿಯೋರು ಒಂದಿನ ಹಾಡಿದೀರಾ?"

ನಾಲ್ಕನೆಯ ದಿನ ಬೆಳಗ್ಗೆ ಅಕ್ಕ ಅಂಗಡಿಗೆ ಬೀಗ ಹಾಕಿ, "ಬನ್ನಿ ಟೀಚರಮ್ಮ" ಎಂದು ನನ್ನನ್ನೂ ಎಳೆದುಕೊಂಡು ಸ್ಟೇಷನ್ನಿಗೆ ಹೊರಟಳು. ಪಾರ್ಸೆಲ್ ಆಫೀಸಿನಲ್ಲಿ ಮೇಷ್ಟ್ರು ತೆಂಗಿನಕಾಯಿ ಮೂಟೆಗಳ ನಡುವೆ ರಸೀದಿ ಬರೆಯುತ್ತಿದ್ದರು. ಅಕ್ಕನನ್ನು ಕಂಡು ಎದ್ದು ನಿಂತರು. ಅವಳು ಕೊರಳಿನ ಟೇಪು ತೆಗೆದಳು.

"ಕೈ ಎತ್ತಿ ಮೇಷ್ಟ್ರೇ."

"ಯಾಕೆ ರಾಣಿಯವರೇ?"

"ಜುಬ್ಬಕ್ಕೆ ಅಳತೆ ಬೇಕು. ಮದ್ವೆಗೆ ಈ ಮಾಸಲು ಅಂಗೀಲಿ ಬತ್ತೀರಾ?"

ಕೂಲಿಯವರು ಮೂಟೆ ಇಳಿಸಿ ನಿಂತು ನೋಡುತ್ತಿದ್ದರು. ಮೇಷ್ಟ್ರು ಎರಡೂ ಕೈ ಎತ್ತಿದರು. ಅಕ್ಕ ಎದೆ ಅಳೆದಳು, ತೋಳು ಅಳೆದಳು, ಕೊರಳು ಅಳೆದಳು. ನನಗೆ ಬರೆದುಕೊಳ್ಳಲು ಹೇಳಿದಳು. ಎಲ್ಲ ಮುಗಿದ ಮೇಲೂ ಮೇಷ್ಟ್ರ ಕೈ ಮೇಲೆಯೇ ಇತ್ತು. ಕೂಲಿಯೊಬ್ಬ, "ಇಳ್ಸಿ ಸಾ, ಪೊಲೀಸ್ರು ಹೋದ್ರು" ಎಂದ ಮೇಲೆ ಇಳಿಸಿದರು.

ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಾಯಿತು. ನಾನು ಸಾಕ್ಷಿ. ಸಹಿ ಮಾಡುವಾಗ ಅಕ್ಕ ಎಷ್ಟು ನಕ್ಕಳೆಂದರೆ ಗುಮಾಸ್ತರು, "ಇದು ಗಂಭೀರವಾದ ವಿಷಯ ಕಣಮ್ಮ" ಎಂದು ಗದರಿದರು. ಮೇಷ್ಟ್ರು ಹಾರ್ಮೋನಿಯಂ, ಒಂದು ಟ್ರಂಕು ಹೊತ್ತು ಅತ್ತೆಮ್ಮನ ಮನೆಗೇ ಬಂದರು.

ನಾಟಕದವರಿಗೆ ಚಿಂತೆ ಹತ್ತಿತು: ಮದುವೆಯ ಹೊಸತು, ಇನ್ನು ಇವಳು ಅಳುವುದುಂಟೇ ಎಂದು. ಆ ಸುಗ್ಗಿಯಲ್ಲೇ ಕಣಕಟ್ಟೆಯಲ್ಲಿ ನಾಟಕವಿತ್ತು. ಆ ಸಾವನ್ನು ಹೇಗೆ ಹೇಳಲಿ! ಬಾಗಿಲ ಮುಂದೆ ನಿಂತು ಅವಳು ಹಾಡಿಗೆ ಬಾಯಿ ತೆರೆದಾಗಲೇ ನಾನು ಸೆರಗು ಹುಡುಕಿದೆ. ನಾಟಕ ಗೊತ್ತಿದ್ದವರು, ಬೆಲ್ಲದ ನೀರು ಗೊತ್ತಿದ್ದವರು, ಎಲ್ಲರೂ ಅತ್ತರು. ಹಾರ್ಮೋನಿಯಂ ಕೂಡ ಎರಡು ಕಡೆ ತಡವರಿಸಿತು. ಬಣ್ಣ ತೊಳೆಯುವಾಗ, "ಅದೇನಕ್ಕ ಇವತ್ತು?" ಎಂದು ಕೇಳಿದೆ.

ಅಕ್ಕ ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜುತ್ತ ಹೇಳಿದಳು: "ಮೊದ್ಲೆಲ್ಲ ಸಾಯೋವಾಗ, ಬಿದ್ರೆ ಸೊಂಟ ನೋಯ್ತದಲ್ಲ ಅಂತ ಯೋಚ್ನೆ ಇರ್ತಿತ್ತು ಟೀಚರಮ್ಮ. ಈಗ ಬಿಟ್ಟೋಗಾಕೆ ಏನೋ ಒಂದೈತೆ. ಅದ್ಕೇ ಅಳು ಬತ್ತದೆ."

ಮುಂದಿನ ವರ್ಷ ನನಗೆ ಹಳೇಬೀಡಿಗೆ ವರ್ಗವಾಯಿತು. ಒಂದು ರಜಾ ದಿನ ಮೂವರೂ ನನ್ನನ್ನು ನೋಡಲು ಬಂದರು. ಇಷ್ಟು ಹತ್ತಿರವಿದ್ದರೂ ಅಕ್ಕ ದೇವಸ್ಥಾನ ನೋಡಿರಲಿಲ್ಲವಂತೆ. ಗೋಡೆಯ ಮೇಲಿನ ಶಿಲಾಬಾಲೆಯರನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ನಡೆದಳು. ಒಡವೆಯ ಮೇಲೆ ಒಡವೆ, ಜಡೆಯ ಮೇಲೆ ಜಡೆ. ಕೊನೆಗೆ ನಿಟ್ಟುಸಿರು ಬಿಟ್ಟು, "ಎಲ್ಲಾ ಸರಿ, ಒಬ್ಳಾದ್ರೂ ರವಿಕೆ ಹೊಲಿಸಿದಾಳಾ ನೋಡಿ! ಆ ಕಾಲದಾಗೆ ನಾವು ಉಪವಾಸ" ಎಂದಳು. ಪಕ್ಕದಲ್ಲಿ ಗಂಭೀರವಾಗಿ ವಿವರಿಸುತ್ತಿದ್ದ ಗೈಡು ಮಾತು ಮರೆತ.

ಬೇಲೂರನ್ನೂ ನೋಡೋಣವೆಂದು ಬಸ್ ಹತ್ತಿದೆವು. ಅಕ್ಕನೂ ಮೇಷ್ಟ್ರೂ ಮುಂದಿನ ಸೀಟು, ನಾನೂ ಅತ್ತೆಮ್ಮನೂ ಹಿಂದೆ. ಕಂಡಕ್ಟರು ಬಂದು, "ಎಷ್ಟ್ ಜನ ಅಜ್ಜಿ?" ಎಂದರು. ಅತ್ತೆಮ್ಮನಿಗೆ ಅದು ಹೇಗೆ ಕೇಳಿಸಿತೋ, ಪರಿಚಯ ಮಾಡಿಕೊಡತೊಡಗಿದರು.

"ಇವ್ನು ನನ್ ಅಳಿಯ. ಅವ್ಳು ನನ್ ಸೊಸೆ. ಈವಮ್ಮ ಟೀಚರು."

ಕಂಡಕ್ಟರು ನಗುತ್ತ, "ಅಳಿಯನೂ ಬಂದವ್ರೆ, ಸೊಸೆನೂ ಬಂದವ್ಳೆ. ಮಗ ಮಗಳು ಬರ್ಲಿಲ್ವಾ?" ಎಂದರು.

"ಮಗ ಹೋಗ್ಬುಟ್ಟ ಕಣಪ್ಪ. ಮಗಳು ಹುಟ್ಟೇ ಇಲ್ಲ."

ಕಂಡಕ್ಟರು ಟಿಕೆಟ್ ಹರಿಯುವುದನ್ನು ನಿಲ್ಲಿಸಿದರು. "ಮಗಳೇ ಇಲ್ದೆ ಅಳಿಯ ಎಲ್ಲಿಂದ ಬಂದ್ರು ಅಜ್ಜಿ?"

ಅತ್ತೆಮ್ಮ ಮುಂದಿನ ಸೀಟಿನ ಮೇಲೆ ಕೈಯಿಟ್ಟು ಹೇಳಿದರು: "ಸೊಸೆ ತಂದ್ಲು."

ಮುಂದಿನ ಸೀಟಿನಲ್ಲಿ ಮೊದಲು ಹೆಗಲು ಕುಣಿಯಿತು. ಆಮೇಲೆ, ಹದಿನೈದು ವರ್ಷ ಬಾಯಿ ಬಿಡದ ಮೇಷ್ಟ್ರು ಇಡೀ ಬಸ್ಸು ತಿರುಗಿ ನೋಡುವಂತೆ ಗಹಗಹಿಸಿ ನಕ್ಕರು.